ಒಂಬತ್ತನೇ ನಂಬರಿನ ಎರಡು ಮನೆಗಳು

ಕನ್ನಡಕ ಹಾಕಿಕೊಳ್ಳದೆ ಕಾಗದ ಒಡೆಯಬಾರದು ಅನ್ನುವುದು ನೋರೀನ್ ಬ್ಯಾರಕ್ಲಫ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎರಡು ಸಾವಿರದ ಒಂಬತ್ತನೇ ಇಸವಿಯ ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ, ಟೀಗೆ ನೀರಿಟ್ಟು ನಿಂತಿದ್ದವಳು, ಬಾಗಿಲಿನ ಸಂದಿಯಿಂದ ಬಿದ್ದ ಕಂದು ಲಕೋಟೆಯನ್ನು ಬೆರಳು ತೂರಿಸಿ ಹರಿದೇಬಿಟ್ಟಳು. ಕೌನ್ಸಿಲ್‌ನಿಂದ ವರ್ಷಕ್ಕೊಮ್ಮೆ ಬರುವ ಮನೆ ತೆರಿಗೆಯ ಬಿಲ್ಲು. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ದರ್ಜೆ ಬರೆದಿರುವ ಜಾಗವನ್ನು ನೋಡಿದಳು. ಅಲ್ಲಿ ‘ಎ’ ಅಂತಿತ್ತು.

ಹದಿನಾರು ವರ್ಷದಿಂದ ಆ ಜಾಗದಲ್ಲಿದ್ದದ್ದು ‘ಸಿ’. “ಅಯ್ಯೋ ಟ್ರೆವರ್, ಕೊನೆಗೂ ಇಳಿಸಿದ್ರು ಕಣೋ!” ಎಂದು, ಎರಡು ವರ್ಷದ ಹಿಂದೆ ತೀರಿಕೊಂಡ ಗಂಡನಿಗೆ ಗಟ್ಟಿಯಾಗಿ ಹೇಳಿಯೂಬಿಟ್ಟಳು. ಆಮೇಲೆ ಕನ್ನಡಕ ಹುಡುಕಿ ತಂದು ವಿಳಾಸ ಓದಿದರೆ ಅದು ಅವಳ ಬಿಲ್ಲೇ ಅಲ್ಲ. ಅವಳ ಮನೆ ಗಾರ್ತ್ ಸ್ಟ್ರೀಟ್ ಒಂಬತ್ತು. ಬಿಲ್ಲು ಗಾರ್ತ್ ಟೆರೇಸ್ ಒಂಬತ್ತರದು. ಅಂದರೆ ಅವಳ ತಲೆಯ ಮೇಲಿರುವ ಮನೆಯದು, ಗೆಳತಿ ಏವಿಸ್ ಗ್ರೀನ್‌ವುಡ್‌ಳದು.

ತಲೆಯ ಮೇಲಿರುವ ಮನೆ ಅಂದದ್ದು ಸುಮ್ಮನೆ ಅಲ್ಲ. ಯಾರ್ಕ್‌ಶೈರ್‌ನ ಈ ನಮ್ಮ ಕಣಿವೆಯಲ್ಲಿ ಮಟ್ಟಸವಾದ ನೆಲವನ್ನೆಲ್ಲ ಕಾಲುವೆಯೂ ಗಿರಣಿಗಳೂ ನುಂಗಿಹಾಕಿದ್ದವು. ಗಿರಣಿಯ ಕೂಲಿಗಳಿಗೆ ಮನೆ ಕಟ್ಟಲು ಉಳಿದದ್ದು ಗುಡ್ಡದ ಇಳಿಜಾರು. ಹಾಗಾಗಿ ಮನೆಯ ಮೇಲೆ ಮನೆ ಹೇರಿದರು. ಕೆಳಗಿನ ಎರಡು ಅಂತಸ್ತು ಒಬ್ಬರದು, ಬಾಗಿಲು ಕೆಳಬೀದಿಗೆ. ಮೇಲಿನ ಎರಡು ಅಂತಸ್ತು ಇನ್ನೊಬ್ಬರದು, ಬಾಗಿಲು ಗುಡ್ಡದ ಮೇಲಿನ ಬೀದಿಗೆ. ಮೇಲಿನವರಿಗೆ ಎರಡೂ ಕಡೆ ಕಿಟಕಿ, ಬಿಸಿಲು, ಜೊತೆಗೊಂದು ಅಟ್ಟ. ಕೆಳಗಿನವರಿಗೆ ಮುಂದೆ ಮಾತ್ರ ಕಿಟಕಿ. ಹಿಂದಿನ ಗೋಡೆಯ ಆಚೆ ಬರೀ ಮಣ್ಣು, ವರ್ಷವಿಡೀ ಒಸರುವ ನೀರು.

ಇಂಥ ಊರಿಗೆ ಬೆಲೆ ಕಟ್ಟಲು ಬಂದವರು ಹೇಗೆ ಕಟ್ಟಿದರು ಅಂತೀರಿ? ತೊಂಬತ್ತೊಂದರಲ್ಲಿ ಸರ್ಕಾರಕ್ಕೆ ದೇಶದ ಮನೆಗಳಿಗೆಲ್ಲ ಒಮ್ಮೆಲೇ ದರ್ಜೆ ಹಚ್ಚುವ ಅವಸರ ಬಂತು. ಮನೆ ಮಾರುವ ಏಜೆಂಟರನ್ನು ಹಿಡಿದು ಕೆಲಸ ವಹಿಸಿದರು. ಆ ಮಹಾನುಭಾವರು ಕಾರಿನಿಂದ ಇಳಿಯುವ ತೊಂದರೆಯನ್ನೂ ತೆಗೆದುಕೊಳ್ಳದೆ, ನಿಧಾನವಾಗಿ ಬೀದಿ ಬೀದಿ ಸುತ್ತಿ, ಗಾಜಿನೊಳಗಿಂದ ನೋಡಿ, ಈ ಮನೆ ಎ, ಆ ಮನೆ ಸಿ ಅಂತ ಗೀಚಿಕೊಂಡು ಹೋದರು. ಎ ಅಂದರೆ ಅಗ್ಗದ ಮನೆ, ಕಡಿಮೆ ತೆರಿಗೆ. ಅಕ್ಷರ ಮುಂದೆ ಹೋದಷ್ಟೂ ತೆರಿಗೆ ಏರುತ್ತದೆ. ಅವತ್ತು ಗೀಚಿದ್ದನ್ನು ಇವತ್ತಿಗೂ ಜನ ಕಟ್ಟುತ್ತಿದ್ದಾರೆ.

ಅದು ಸರಿ, ಹದಿನಾರು ವರ್ಷ ಯಾರೂ ಪಕ್ಕದ ಮನೆಯವರನ್ನು ಕೇಳಲಿಲ್ಲವೆ? ಕೇಳಲಿಲ್ಲ. ಅದೇ ನಮ್ಮ ಜನ. ಹೊಟ್ಟೆಯ ಆಪರೇಷನ್ನಿನ ಗಾಯವನ್ನು ಬಸ್ ಸ್ಟಾಪಿನಲ್ಲಿ ಅಂಗಿ ಎತ್ತಿ ತೋರಿಸುತ್ತಾರೆ. ಮಗಳ ವಿಚ್ಛೇದನದ ಕತೆಯನ್ನು ಮಾಂಸದಂಗಡಿಯ ಸಾಲಿನಲ್ಲಿ ನಿಂತು ಹೇಳುತ್ತಾರೆ. ಆದರೆ ‘ನಿಮಗೆ ತೆರಿಗೆ ಎಷ್ಟು ಬರುತ್ತೆ’ ಅಂತ ಕೇಳುವುದು ಅಂದರೆ ಮರ್ಯಾದೆಗೆಟ್ಟ ಕೆಲಸ. ಗೋಡೆಗೆ ಗೋಡೆ ತಾಗಿಸಿಕೊಂಡು ನೂರು ವರ್ಷ ಬದುಕಿದರೂ ಒಬ್ಬರ ಬಿಲ್ಲು ಇನ್ನೊಬ್ಬರು ನೋಡುವುದಿಲ್ಲ.

ನೋರೀನ್‌ಗೆ ಆಗ ಅರವತ್ತೆರಡು. ಹದಿನೈದಕ್ಕೆ ಪ್ಯಾಂಟು ಹೊಲಿಯುವ ಕಾರ್ಖಾನೆ ಸೇರಿದವಳು. ಅದು ಮುಚ್ಚಿದ ಮೇಲೆ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಹಳದಿ ಕೋಟು ತೊಟ್ಟು, ದುಂಡು ಫಲಕದ ಕೋಲು ಹಿಡಿದು ರಸ್ತೆಗಿಳಿದರೆ ಎಂಥ ಲಾರಿಯವನೂ ಬ್ರೇಕು ಒತ್ತಬೇಕು. ಒಮ್ಮೆ ನಿಲ್ಲಿಸದೆ ನುಗ್ಗಿದವನನ್ನು ಮುಂದಿನ ಸಿಗ್ನಲ್ಲಿನವರೆಗೆ ಓಡಿ ಹಿಡಿದು, ಗಾಜು ತಟ್ಟಿ, ಮಕ್ಕಳೆದುರಿಗೇ ಅವನ ಜನ್ಮ ಜಾಲಾಡಿದ್ದಳು. ಇಂಥ ಹೆಂಗಸಿಗೆ ಕಂದು ಲಕೋಟೆ ಕಂಡರೆ ಮಾತ್ರ ಕೈ ತಣ್ಣಗಾಗುತ್ತಿತ್ತು.

ಅದಕ್ಕೆ ಕಾರಣ ಟ್ರೆವರ್. ಬಣ್ಣದ ಗಿರಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡವನು. ಪ್ರತಿ ಏಪ್ರಿಲ್‌ನಲ್ಲೂ ಬಿಲ್ಲು ಹಿಡಿದು ಅಡುಗೆಮನೆಯಲ್ಲಿ ಕೂಗಾಡುತ್ತಿದ್ದ. “ಈ ಗುಹೆಗೆ ಸಿ ಅಂತೆ! ಹಿಂದಿನ ಗೋಡೆಗೆ ಕೈ ಇಟ್ರೆ ಕೈ ಒದ್ದೆ ಆಗುತ್ತೆ, ಅದಕ್ಕೂ ಸೇರಿಸಿ ಕಟ್ಟಬೇಕಂತೆ!” ಆ ಗೋಡೆಗೆ ತೇವ ತಡೆಯುವ ಪದರ ಹಾಕಿಸಬೇಕೆಂದು ಎರಡು ಸಲ ಆಳು ಕರೆಸಿ ಕೇಳಿದ್ದೂ ಆಗಿತ್ತು. ಎರಡು ಸಲವೂ ಬರುವ ವರ್ಷ ನೋಡೋಣ ಎಂದು ಬಿಟ್ಟರು. ಕೊನೆಯ ಮೂರು ಚಳಿಗಾಲ ಅವನು ಆ ಗೋಡೆಯ ಪಕ್ಕದಲ್ಲೇ ಮಲಗಿ ಕೆಮ್ಮಿದ. ಗೋಡೆ ಒಣಗಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ಯಾರಿಗೆ ಗೊತ್ತು. ಎರಡು ವರ್ಷದಿಂದ ನೋರೀನ್ ಅದನ್ನೇ ಕೇಳಿಕೊಳ್ಳುತ್ತಿದ್ದಳು.

ಆ ಮೂರು ಚಳಿಗಾಲವೂ ಅವಳ ಕೈ ಬಿಡದೆ ಇದ್ದವಳು ಏವಿಸ್. ನೋರೀನ್ ರಸ್ತೆಯಲ್ಲಿ ನಿಂತಿರುವ ಹೊತ್ತಿಗೆ ಮೇಲಿನಿಂದ ಮೆಟ್ಟಿಲಿಳಿದು ಬಂದು ಟ್ರೆವರ್‌ಗೆ ಬಾರ್ಲಿ ಸೂಪು ಕುಡಿಸುತ್ತಿದ್ದಳು, ದಿಂಬು ಸರಿ ಮಾಡುತ್ತಿದ್ದಳು. ಇಬ್ಬರ ಸ್ನೇಹ ಶುರುವಾದದ್ದೇ ಅಂಚೆಯಿಂದ. ಸ್ಟ್ರೀಟು, ಟೆರೇಸು ಎರಡರಲ್ಲೂ ಒಂಬತ್ತು ಇರುವುದರಿಂದ ಅವಳ ಕಾಗದ ಇವಳಿಗೆ, ಇವಳದು ಅವಳಿಗೆ. ಕೊಡಲು ಹೋದಾಗೆಲ್ಲ ಒಂದು ಲೋಟ ಟೀ, ಒಂದು ತುಂಡು ಶುಂಠಿ ಕೇಕು. ಹೀಗೆ ಇಪ್ಪತ್ತಾರು ವರ್ಷ.

ಅವತ್ತೂ ನೋರೀನ್ ಬಿಲ್ಲು ಹಿಡಿದು, ಎರಡು ಬೀದಿಗಳ ನಡುವಿನ ಅರವತ್ತು ಚಿಲ್ಲರೆ ಕಲ್ಲು ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿದಳು. ಏವಿಸ್ ಹಿಟ್ಟು ಕಲಸುತ್ತಿದ್ದಳು.

“ನಿನ್ನ ಕಾಗದ ಮತ್ತೆ ನನ್ನ ಹತ್ರ ಬಿದ್ದಿತ್ತು. ನೋಡ್ದೆ ಒಡೆದುಬಿಟ್ಟೆ ಕಣೇ, ಬಯ್ಕೋಬೇಡ.”

“ಬಯ್ಯೋದೇನು ಬಂತು, ಅಲ್ಲಿಡು. ಕರೆಂಟಿಂದಾ?”

“ಅಲ್ಲ, ಕೌನ್ಸಿಲ್‌ದು.”

ಹಿಟ್ಟಿನಲ್ಲಿದ್ದ ಏವಿಸ್‌ಳ ಕೈ ನಿಂತಿತು. “ಓದಿದ್ಯಾ?”

“ಓದದೆ? ನಿನ್ನ ಈ ಅರಮನೆಗೆ ಎ, ನನ್ನ ಬಿಲಕ್ಕೆ ಸಿ! ಅದಲು ಬದಲಾಗಿದೆ ಏವಿಸ್. ಪೋಸ್ಟಿನವನು ದಿನಾ ಮಾಡೋ ತಪ್ಪನ್ನೇ ಆ ಕಾರಿನವನೂ ಮಾಡಿದಾನೆ ನೋಡು!” ನೋರೀನ್ ನಗುತ್ತಲೇ ಹೇಳಿದಳು. ಅವಳ ಮನಸ್ಸಿನಲ್ಲಿ ಆಗ ಬೇರೇನೂ ಇರಲಿಲ್ಲ.

ಏವಿಸ್ ನಗಲಿಲ್ಲ. ಕೈ ಒರೆಸಿಕೊಂಡು ಬಿಲ್ಲನ್ನು ಮಡಚಿ ಏಪ್ರನ್ನಿನ ಜೇಬಿಗೆ ಸೇರಿಸಿದಳು. “ಅವರ ಲೆಕ್ಕ ಅವರಿಗೆ. ಅದನ್ನೆಲ್ಲ ಕೆದಕೋಕೆ ಹೋಗಬೇಡ ನೋರೀನ್. ಕೆದಕಿದ್ರೆ ಇಡೀ ಸಾಲಿಗೇ ಏರಿಸಿ ಕೂರ್ತಾರೆ.”

ಟೀ ಕುಡೀತೀಯಾ ಅಂತ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ನೋರೀನ್‌ಗೆ ಮೊದಲು ತಟ್ಟಿದ್ದು ಅದು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹಾಗಾಗಿರಲಿಲ್ಲ.

ಸೋಮವಾರ ಮಕ್ಕಳು ಶಾಲೆಯೊಳಗೆ ಹೋದ ಮೇಲೆ ಅವಳು ಹಳದಿ ಕೋಟಿನಲ್ಲೇ ಗ್ರಂಥಾಲಯಕ್ಕೆ ಹೋದಳು. ಮನೆಗಳ ದರ್ಜೆಯ ಪಟ್ಟಿ ಬಹಿರಂಗವಾಗಿಯೇ ಇರುತ್ತದೆ, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಯಾರೂ ನೋಡಿರಲಿಲ್ಲ ಅಷ್ಟೆ. ಗ್ರಂಥಾಲಯದ ಹೆಂಗಸು ಗಾರ್ತ್ ಸ್ಟ್ರೀಟಿನ ಪಟ್ಟಿ ತೆಗೆದು ತೋರಿಸಿದಳು. ಒಂದು ಎ, ಮೂರು ಎ, ಐದು ಎ, ಏಳು ಎ, ಒಂಬತ್ತು ಸಿ, ಹನ್ನೊಂದು ಎ. ಆಮೇಲೆ ಟೆರೇಸಿನದು. ಅಲ್ಲಿ ಎಲ್ಲ ಸಿ, ಒಂಬತ್ತು ಮಾತ್ರ ಎ.

ನೋರೀನ್ ಬೆರಳಿಟ್ಟು ಎರಡೆರಡು ಸಲ ಓದಿದಳು. ಟ್ರೆವರ್ ಕೂಗಾಡಿದ್ದೆಲ್ಲ ನಿಜ. ಅವನಿಗೆ ಹುಚ್ಚು ಅಂತ ಅವಳೇ ಎಷ್ಟು ಸಲ ಅಂದಿರಲಿಲ್ಲ?

ದರ್ಜೆ ಪ್ರಶ್ನಿಸುವ ಅರ್ಜಿಯನ್ನು ಗ್ರಂಥಾಲಯದಾಕೆಯೇ ಮುದ್ರಿಸಿ ಕೊಟ್ಟಳು. ತಪ್ಪು ಅಂತ ತೀರ್ಮಾನವಾದರೆ, ಈ ತೆರಿಗೆ ಶುರುವಾದ ತೊಂಬತ್ತಮೂರರಿಂದ ಹೆಚ್ಚಾಗಿ ಕಟ್ಟಿದ್ದು ವಾಪಸ್ಸು ಬರುತ್ತದೆ. ಆದರೆ ಅರ್ಜಿಯ ಮೇಲೆಯೇ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು: ಪರಿಶೀಲನೆಯಲ್ಲಿ ನಿಮ್ಮ ದರ್ಜೆ ಏರಲೂಬಹುದು, ನೆರೆಮನೆಗಳದೂ ಬದಲಾಗಬಹುದು. ಅದರ ಕೆಳಗೊಂದು ಪ್ರಶ್ನೆ: ನಿಮ್ಮ ಮನೆಯನ್ನು ಯಾವ ಮನೆಯೊಂದಿಗೆ ಹೋಲಿಸುತ್ತೀರಿ? ಆ ಜಾಗದಲ್ಲಿ ಬರೆಯಬೇಕಾದದ್ದು ಒಂದೇ ವಿಳಾಸ. ಬರೆದರೆ ಏವಿಸ್‌ಳ ತೆರಿಗೆ ಏರುವುದು ಖಂಡಿತ. ಇವಳು ಕೈಯಾರೆ ಗೆಳತಿಯನ್ನು ಹಿಡಿದುಕೊಟ್ಟ ಹಾಗೆ.

ಅರ್ಜಿ ಬ್ರೆಡ್ಡಿನ ಡಬ್ಬಿಯ ಕೆಳಗೆ ಒಂಬತ್ತು ದಿನ ಬಿದ್ದಿತ್ತು. ಅಷ್ಟರಲ್ಲಿ ಸುದ್ದಿ ಬೀದಿಗೆ ಹಬ್ಬಿತು. ಹನ್ನೊಂದನೇ ಮನೆಯ ರಾಯ್, ಕಸದ ಡಬ್ಬ ಹೊರಗಿಡುವ ನೆಪದಲ್ಲಿ ಅಡ್ಡ ನಿಂತ.

“ಏನಮ್ಮ ನೋರೀನ್, ಬೀದಿಗೆಲ್ಲ ಬೆಂಕಿ ಹಚ್ಚೋಕೆ ಹೊರಟಿದ್ದೀಯಂತೆ?”

“ನನ್ನ ಮನೆ ವಿಷಯ ರಾಯ್, ನಿನಗ್ಯಾಕೆ?”

“ನನಗ್ಯಾಕೆ ಅಂದ್ರೆ? ಆಫೀಸಿನವರು ನಿನ್ನ ಮನೆ ನೋಡೋಕೆ ಬಂದವರು ನನ್ನ ಹೊಸ ಬಚ್ಚಲು ನೋಡಿ ಬಿಡ್ತಾರಾ?”

“ನಿನ್ನ ಬಚ್ಚಲು ನೋಡೋಕೆ ದುಡ್ಡು ಕೊಟ್ರೂ ಯಾರೂ ಬರಲ್ಲ, ಹೋಗು!” ಎಂದು ಬಾಗಿಲು ಹಾಕಿಕೊಂಡಳು. ಆದರೆ ರಾಯ್ ಹೇಳಿದ್ದು ನಿಜವಾಗಿ, ಇಡೀ ಸಾಲಿಗೆ ಏರಿದರೆ ಈ ಬೀದಿಯಲ್ಲಿ ಅವಳು ತಲೆಯೆತ್ತಿ ಓಡಾಡುವ ಹಾಗಿಲ್ಲ.

ಹತ್ತನೆಯ ದಿನ, ಬುಧವಾರ ಮಧ್ಯಾಹ್ನ, ಏವಿಸ್ ತಾನಾಗಿ ಕೆಳಗೆ ಬಂದಳು. ಕೈಯಲ್ಲಿ ಕೇಕಿನ ತಟ್ಟೆ ಇತ್ತು. ನೋರೀನ್‌ಗೆ ನಿಜವಾಗಿಯೂ ಸಂತೋಷವಾಯಿತು. ಟೀ ಬಸಿದು ಎದುರಿಗಿಟ್ಟಳು.

“ಕಳಿಸಿದ್ಯಾ?” ಎಂದಳು ಏವಿಸ್.

“ಇಲ್ಲ.”

“ಕಳಿಸಬೇಡ ನೋರೀನ್. ಕೈ ಮುಗೀತೀನಿ. ನನ್ನ ಪಿಂಚಣಿ ಎಷ್ಟು ಅಂತ ನಿನಗೆ ಗೊತ್ತಿಲ್ವಾ? ಹದಿನಾರು ವರ್ಷದ ಬಾಕಿ ಒಟ್ಟಿಗೆ ಕಟ್ಟು ಅಂತ ಬಂದ್ರೆ ನಾನು ಈ ಮನೆ ಮಾರಬೇಕು.”

“ಬಾಕಿ ಕೇಳ್ತಾರೆ ಅಂತ ಯಾರು ಹೇಳಿದ್ದು?”

“ಕ್ಲಿಫರ್ಡ್ ಆಗಲೇ ಹೇಳಿದ್ದ. ಇದು ಯಾವತ್ತಾದ್ರೂ ಹೊರಗೆ ಬಂದ್ರೆ ಹಿಂದಿನದೆಲ್ಲ ಸೇರಿಸಿ ಕಕ್ಕಿಸ್ತಾರೆ ಅಂತ.”

ನೋರೀನ್ ಬಾಯಿಗೆ ತಂದ ಲೋಟವನ್ನು ಕೆಳಗಿಟ್ಟಳು. ಕ್ಲಿಫರ್ಡ್ ಏವಿಸ್‌ಳ ಗಂಡ, ಮನೆ ಸಾಲ ಕೊಡುವ ಸಂಸ್ಥೆಯಲ್ಲಿ ಗುಮಾಸ್ತನಾಗಿದ್ದವನು, ಕಾಗದ ಪತ್ರ ತಿಳಿದವನು. ಅವನು ಸತ್ತು ಎಷ್ಟೋ ಕಾಲವಾಗಿತ್ತು.

“ಆಗಲೇ ಅಂದ್ರೆ ಯಾವಾಗ ಏವಿಸ್?”

ಏವಿಸ್ ಕೇಕಿನ ತಟ್ಟೆಯನ್ನು ಅತ್ತ ಸರಿಸಿದಳು.

“ಯಾವಾಗ ಅಂತ ಕೇಳಿದೆ.”

“ಮೊದಲನೇ ಬಿಲ್ಲು ಬಂದಾಗ,” ಎಂದಳು ಏವಿಸ್, ಮೇಜಿನ ಅಂಚನ್ನು ನೋಡುತ್ತ. “ಟ್ರೆವರ್ ಇಲ್ಲಿ ಕೂತು ಸಿ, ಸಿ ಅಂತ ಕೂಗಾಡಿದ್ನಲ್ಲ. ಅವತ್ತು ಮೇಲೆ ಹೋಗಿ ಕ್ಲಿಫರ್ಡ್‌ಗೆ ಹೇಳ್ದೆ. ಅವನು ನಮ್ಮ ಬಿಲ್ಲು ತೆಗೆದು ನೋಡಿ, ಇಬ್ಬರದೂ ಅದಲು ಬದಲಾಗಿದೆ, ಬಾಯಿ ಮುಚ್ಕೊಂಡಿರು ಅಂದ.”

“ಮುಚ್ಕೊಂಡೆ.”

“ಹೂಂ.”

ನೋರೀನ್ ಎದ್ದು ನಿಂತಳು. “ಪ್ರತಿ ಏಪ್ರಿಲ್‌ನಲ್ಲೂ ಇದೇ ಕುರ್ಚಿ ಮೇಲೆ ಕೂತು ನನ್ನ ಟೀ ಕುಡಿದೆ. ಅವನು ಉಸಿರು ಕಟ್ಟಿ ಬಯ್ಯೋದನ್ನ ಕೇಳಿಸ್ಕೊಂಡೆ. ಹೌದಪ್ಪಾ ಅನ್ಯಾಯ ಅಂತ ತಲೆ ಬೇರೆ ಆಡಿಸ್ತಿದ್ದೆ! ಆ ಗೋಡೆ ನೋಡು ಏವಿಸ್. ತಿರುಗಿ ನೋಡು! ಅದಕ್ಕೆ ಹಾಕಬೇಕಾದ ದುಡ್ಡು ನಿನ್ನ ಮನೇಲಿತ್ತು.”

“ನೋರೀನ್, ನಾನು ಅವನನ್ನ ನೋಡಿಕೊಂಡೆ...”

“ಅದನ್ನೇ ಕೇಳ್ತಿರೋದು. ಆ ಸೂಪು ಟ್ರೆವರ್‌ಗೆ ತರ್ತಿದ್ದೆಯೋ, ನಿನ್ನ ಪಾಪ ತೊಳಿಯೋಕೆ ತರ್ತಿದ್ದೆಯೋ?”

ಏವಿಸ್ ಕುರ್ಚಿ ಹಿಂದಕ್ಕೆ ತಳ್ಳಿದಳು. ಎದ್ದು ಹೋದಳು. ಅವಳು ಮೆಟ್ಟಿಲು ಹತ್ತುವ ಸದ್ದು ಮುಗಿಯುವುದರೊಳಗೆ ನೋರೀನ್ ಅರ್ಜಿ ಎಳೆದುಕೊಂಡು, ಹೋಲಿಕೆಯ ಜಾಗದಲ್ಲಿ ‘ಗಾರ್ತ್ ಟೆರೇಸ್ ಒಂಬತ್ತು’ ಎಂದು ಒತ್ತಿ ಬರೆದು, ಲಕೋಟೆಗೆ ಹಾಕಿ, ಕೋಟು ಕೂಡ ಹಾಕಿಕೊಳ್ಳದೆ ಅಂಚೆ ಡಬ್ಬಿಗೆ ಹಾಕಿ ಬಂದಳು. ಬಂದವಳು ಕೇಕನ್ನು ತಟ್ಟೆ ಸಮೇತ ಕಸಕ್ಕೆ ಸುರಿದಳು. ಆಮೇಲೆ ತಟ್ಟೆ ಏವಿಸ್‌ಳದು ಅಂತ ನೆನಪಾಗಿ, ತೆಗೆದು ತೊಳೆದಿಟ್ಟಳು.

ಹತ್ತು ವಾರ ಏನೂ ಬರಲಿಲ್ಲ. ಆ ಹತ್ತು ವಾರ ಹೇಗೆ ಕಳೆದವು ಅಂತ ಬೀದಿಯವರಿಗೆಲ್ಲ ಗೊತ್ತು. ಏವಿಸ್ ಅಂಗಡಿಗೆ ಹೋಗಲು ಹತ್ತಿರದ ಮೆಟ್ಟಿಲು ಬಿಟ್ಟು ಅರ್ಧ ಮೈಲಿ ಸುತ್ತು ಹಾಕುತ್ತಿದ್ದಳು. ರಾಯ್ ಮತ್ತವನ ಹೆಂಡತಿ ನೋರೀನ್‌ಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮಕ್ಕಳನ್ನು ಬಿಡಲು ಬಂದ ತಾಯಂದಿರು ಕೂಡ, ಮೊದಲಿನ ಹಾಗೆ ನಿಂತು ಹರಟದೆ, “ಥ್ಯಾಂಕ್ಸ್ ನೋರೀನ್” ಅಂದು ದಾಟಿಬಿಡುತ್ತಿದ್ದರು. ಅವಳಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಊಟ ಸೇರದು. ಒಂದು ದಿನ ದುಡ್ಡು ಬಂದರೆ ಸಾಕು ಅನ್ನಿಸಿದರೆ, ಮರುದಿನ ದುಡ್ಡು ಹಾಳಾಗಲಿ, ಇಪ್ಪತ್ತಾರು ವರ್ಷ ನನ್ನ ಜೊತೆಗಿದ್ದವಳು ಯಾರು ಅಂತ ಗೊತ್ತಾದರೆ ಸಾಕು ಅನ್ನಿಸುತ್ತಿತ್ತು. ಆ ಸೂಪಿನ ಪ್ರಶ್ನೆ ಅವಳನ್ನೇ ತಿರುಗಿ ಕಚ್ಚುತ್ತಿತ್ತು. ಅದು ಪಾಪದ ಸೂಪಾದರೆ, ಟ್ರೆವರ್‌ನ ಕೊನೆಯ ದಿನಗಳಲ್ಲಿ ಒಳ್ಳೆಯದು ಅಂತ ಇದ್ದದ್ದು ಇನ್ನೇನು?

ಜೂನ್‌ನಲ್ಲಿ, ಒಂದು ಮಂಗಳವಾರ ಹನ್ನೊಂದು ಗಂಟೆಗೆ, ಮೌಲ್ಯಮಾಪನ ಕಚೇರಿಯಿಂದ ಫಿಯೋನಾ ಲಂಬ್ ಎಂಬ ಅಧಿಕಾರಿ ಬಂದಳು. ಎತ್ತರದ, ಮಾತು ಕಡಿಮೆಯ ಹೆಂಗಸು. ಕೆಂಪು ಬೆಳಕು ಬಿಡುವ ಅಳತೆಯ ಯಂತ್ರವನ್ನು ಗೋಡೆಯಿಂದ ಗೋಡೆಗೆ ಹಿಡಿದು ಅಳೆದಳು. ಹಿಂದಿನ ಗೋಡೆಗೆ ಅಂಗೈ ಒತ್ತಿ, ಒದ್ದೆಯಾದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಹೊರಗೆ ಬೀದಿಯಲ್ಲಿ ರಾಯ್ ಕಿಟಕಿ ಒರೆಸುವ ನಾಟಕ ಮಾಡುತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

“ಮೇಲಿನ ಮನೇನೂ ನೋಡಬೇಕು,” ಎಂದು ಅಧಿಕಾರಿ ಹೊರಟಳು. ಹತ್ತು ನಿಮಿಷದಲ್ಲಿ ವಾಪಸ್ಸು ಬಂದಳು. “ಬಾಗಿಲು ತೆಗೀತಿಲ್ಲ. ಒಳಗಿದ್ದಾರೆ, ಸದ್ದು ಕೇಳಿಸ್ತು. ನಿಮಗೆ ಪರಿಚಯ ಇದ್ರೆ ಸ್ವಲ್ಪ ಹೇಳಬಹುದಾ?”

ಪರಿಚಯ! ನೋರೀನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಟ್ಟಿಲು ಹತ್ತಿದಳು. ಬಾಗಿಲು ಬಡಿದಳು. ಉತ್ತರವಿಲ್ಲ. ಅಂಚೆಯ ಸಂದಿಗೆ ಬಗ್ಗಿ ಬಾಯಿಟ್ಟಳು.

“ಏವಿಸ್, ನಾನು. ತೆಗಿ. ಒಳಗೆ ಕೂತ್ರೆ ಇದು ಹೋಗಲ್ಲ.”

ಬಾಗಿಲು ತೆರೆಯಿತು. ಏವಿಸ್ ಚರ್ಚಿಗೆ ಹೋಗುವ ನೀಲಿ ಉಡುಪು ತೊಟ್ಟಿದ್ದಳು, ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆಯ ಮೇಜಿನ ಮೇಲೆ ಈ ವರ್ಷದ ಬಿಲ್ಲು, ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅಧಿಕಾರಿ ಒಳಗೆ ಬರುತ್ತಿದ್ದಂತೆಯೇ ಏವಿಸ್ ಡಬ್ಬದ ಮುಚ್ಚಳ ತೆಗೆದು ಅವಳ ಕಡೆ ನೂಕಿದಳು. ರಬ್ಬರ್ ಬ್ಯಾಂಡು ಹಾಕಿದ ನೋಟಿನ ಕಟ್ಟುಗಳು.

“ಇಷ್ಟೇ ಇರೋದು. ನನ್ನ ಮಣ್ಣಿಗೆ ಅಂತ ಇಟ್ಟಿದ್ದೆ. ಮಿಕ್ಕಿದ್ದಕ್ಕೆ ಸ್ವಲ್ಪ ಟೈಮು ಕೊಡಿ. ಮನೆ ಮಾತ್ರ ಮುಟ್ಟಬೇಡಿ.”

ಫಿಯೋನಾ ಲಂಬ್ ಡಬ್ಬವನ್ನೂ ಅವಳನ್ನೂ ನೋಡಿದಳು. “ಇದು ಯಾತಕ್ಕೆ?”

“ಹದಿನಾರು ವರ್ಷದ ಬಾಕಿಗೆ.”

“ಬಾಕಿ ಅಂತ ಏನೂ ಇಲ್ಲ ಮಿಸೆಸ್ ಗ್ರೀನ್‌ವುಡ್. ಎರಡು ಮನೆ ಅದಲು ಬದಲಾಗಿದೆ, ಅದು ಕಣ್ಣಿಗೇ ಕಾಣುತ್ತೆ. ನಿಮ್ಮದು ಸಿ ಆಗುತ್ತೆ. ಆದರೆ ಏರಿಸೋದು ನಾವು ಪಟ್ಟಿ ತಿದ್ದಿದ ದಿನದಿಂದ ಮಾತ್ರ. ಹಿಂದಿನದನ್ನ ಯಾರೂ ಕೇಳೋ ಹಾಗಿಲ್ಲ. ಇಳಿಸೋದಾದ್ರೆ ಮೊದಲಿಂದ ಲೆಕ್ಕ. ಇವರಿಗೆ ತೊಂಬತ್ತಮೂರರಿಂದ ವಾಪಸ್ಸು ಬರುತ್ತೆ. ಬೇರೆ ಯಾರ ಮನೆಗೂ ಏನೂ ಆಗಲ್ಲ. ನಿಮಗೆ ಇದನ್ನ ಯಾರೂ ಹೇಳಲಿಲ್ವಾ?”

“ನಾವು ಯಾರನ್ನೂ ಕೇಳಲಿಲ್ಲ,” ಎಂದಳು ಏವಿಸ್. ಕುರ್ಚಿ ಎಳೆದುಕೊಂಡು ಕುಸಿದು ಕೂತಳು. ಅಧಿಕಾರಿ ಕೋಣೆಗಳನ್ನು ಅಳೆದು, ಅಟ್ಟಕ್ಕೊಮ್ಮೆ ಹತ್ತಿ ಇಳಿದು, ಕಾಗದ ಅಂಚೆಯಲ್ಲಿ ಬರುತ್ತದೆಂದು ಹೇಳಿ ಹೊರಟುಹೋದಳು.

ಇಬ್ಬರೇ ಉಳಿದರು. ಗೆದ್ದವಳು ನೋರೀನ್. ಕೆಲವು ಸಾವಿರ ಪೌಂಡು ಬರುವುದು ಗ್ಯಾರಂಟಿ, ಬೀದಿಯವರ ಬಾಯಿ ಮುಚ್ಚುವುದೂ ಗ್ಯಾರಂಟಿ. ಆದರೂ ಅವಳು ಹೊರಡದೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಒಂದು ಮಾತು ಕೇಳ್ತೀನಿ. ಸುಳ್ಳು ಮಾತ್ರ ಹೇಳಬೇಡ,” ಎಂದಳು. “ಬಾಕಿ ಕೇಳಲ್ಲ ಅಂತ ಅವತ್ತೇ ಗೊತ್ತಿದ್ರೆ, ನನಗೆ ಹೇಳ್ತಿದ್ದೆಯಾ?”

ಹೌದು ಅಂದುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಭಯಕ್ಕೆ ಹಾಗೆ ಮಾಡಿದೆ ಅಂದರೆ ನೋರೀನ್ ಕೂಡ ನಂಬಲು ತಯಾರಾಗಿಯೇ ನಿಂತಿದ್ದಳು.

“ಇಲ್ಲ,” ಎಂದಳು ಏವಿಸ್. “ಹೇಳ್ತಿರಲಿಲ್ಲ. ಕಡಿಮೆ ಬರ್ತಿತ್ತು, ಚೆನ್ನಾಗಿತ್ತು. ಟ್ರೆವರ್‌ಗೆ ಸೂಪು ಆಗಲೂ ತರ್ತಿದ್ದೆ. ಎರಡೂ ನಾನೇ ನೋರೀನ್. ನನಗೂ ಅದು ಹೇಗೆ ಅಂತ ತಿಳಿಯಲ್ಲ.”

ಹೊರಟೇಬಿಡಬೇಕೆಂದು ನೋರೀನ್ ಮೇಜಿನ ಮೇಲಿಟ್ಟಿದ್ದ ತನ್ನ ಕನ್ನಡಕ ತೆಗೆದುಕೊಂಡು ಮೂಗಿಗೇರಿಸಿದಳು. ಅದರ ಪಕ್ಕದಲ್ಲೇ ಬಿಡಿಸಿಟ್ಟ ಬಿಲ್ಲು. ಮಾರ್ಚಿನಲ್ಲಿ ಅವಳು ನೋಡಿದ್ದು ದರ್ಜೆ, ವಿಳಾಸ ಎರಡೇ. ಈಗ ಕಣ್ಣು ಹೆಸರಿನ ಮೇಲೆ ಬಿತ್ತು. ಶ್ರೀ ಕ್ಲಿಫರ್ಡ್ ಗ್ರೀನ್‌ವುಡ್ ಮತ್ತು ಶ್ರೀಮತಿ ಏವಿಸ್ ಗ್ರೀನ್‌ವುಡ್.

“ಇದೇನೇ ಇದು? ಕ್ಲಿಫರ್ಡ್ ಹೋಗಿ ಒಂಬತ್ತು ವರ್ಷ ಆಯ್ತಲ್ಲ?”

ಏವಿಸ್ ಕೈ ಚಾಚುವುದರೊಳಗೆ ನೋರೀನ್ ಬಿಲ್ಲು ಎತ್ತಿಕೊಂಡಿದ್ದಳು.

ಮನೆಯಲ್ಲಿ ಒಬ್ಬರೇ ಇದ್ದರೆ ತೆರಿಗೆಯಲ್ಲಿ ಕಾಲು ಭಾಗ ಬಿಡುತ್ತಾರೆ. ಅದು ಕಣಿವೆಯ ಪ್ರತಿ ವಿಧವೆಗೂ ಗೊತ್ತು. ಟ್ರೆವರ್‌ನ ಮಣ್ಣಾದ ಮರುವಾರವೇ ನೋರೀನ್ ಕೌನ್ಸಿಲ್‌ಗೆ ಫೋನ್ ಮಾಡಿ ಹೇಳಿದ್ದಳು, ಐದು ನಿಮಿಷದ ಕೆಲಸ.

“ನೀನು ಕೌನ್ಸಿಲ್‌ಗೆ ತಿಳಿಸಲೇ ಇಲ್ವಾ? ಒಂಬತ್ತು ವರ್ಷ ಇಬ್ಬರ ತೆರಿಗೆ ಕಟ್ಟಿದ್ಯಾ?”

“ಹ್ಯಾಗೆ ತಿಳಿಸಲಿ? ಒಂದು ಸಾಲು ಬರೆದ್ರೂ ಕಡತ ತೆಗೀತಾರೆ. ತೆಗೆದ್ರೆ ನೋಡಿಬಿಡ್ತಾರೆ.” ಏವಿಸ್‌ಳ ದನಿ ಇಳಿದುಹೋಗಿತ್ತು. “ಪ್ರತಿ ಏಪ್ರಿಲ್‌ನಲ್ಲೂ ಅವನ ಹೆಸರಿಗೆ ಬರುತ್ತೆ. ತೆಗೀತೀನಿ, ಕಟ್ತೀನಿ. ಅವನು ಸತ್ತ ಅಂತ ಯಾರಿಗೂ ಬರೆದು ಹೇಳಿಲ್ಲ ನೋರೀನ್. ಧೈರ್ಯ ಬರಲಿಲ್ಲ.”

ನೋರೀನ್ ಬಿಲ್ಲು ಹಿಡಿದು ನಿಂತೇ ಇದ್ದಳು. ಒಳಗೆ ಸಿಟ್ಟು ಇದ್ದಲ್ಲೇ ಇತ್ತು, ಒಂದು ಚೂರೂ ಕರಗಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಸಂಕಟ ಬಂದು ಕೂತಿತು. ತಾನು ಗಂಡನಿಗಾಗಿ ಬೀದಿಯೆಲ್ಲ ಕೇಳುವ ಹಾಗೆ ಅತ್ತಿದ್ದಳು. ಮೇಲಿನ ಮನೆಯಲ್ಲಿ ಈ ಹೆಂಗಸು ಒಂಬತ್ತು ವರ್ಷ ಸತ್ತವನ ಹೆಸರಿನಲ್ಲಿ ದುಡ್ಡು ಕಟ್ಟಿಕೊಂಡು ಬಾಯಿ ಮುಚ್ಚಿ ಕೂತಿದ್ದಳು.

“ನಿನ್ನನ್ನ ನಾನು ಕ್ಷಮಿಸಿಲ್ಲ, ತಿಳ್ಕೋ,” ಎಂದಳು.

“ಗೊತ್ತು.”

“ಮುಂದೆ ಕ್ಷಮಿಸ್ತೀನಿ ಅಂತಾನೂ ಇಲ್ಲ.”

“ಆಯ್ತು.”

ನೋರೀನ್ ಕುರ್ಚಿ ಎಳೆದು ಕೂತಳು. ಬಿಸ್ಕತ್ತಿನ ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದಳು. ಕೋಟಿನ ಜೇಬಿನಿಂದ ಪೆನ್ನು ತೆಗೆದಳು. “ಆ ಕಾಲು ಭಾಗ, ಹಿಂದಿನದೂ ಕೊಡಿ ಅಂತ ಕೇಳೋಣ. ಕೊಟ್ರೆ ಕೊಡ್ತಾರೆ, ಕೇಳೋಕೇನು? ಒಂದು ಹಾಳೆ ತಾ.”

ಏವಿಸ್ ಹಾಳೆ ತಂದಿಟ್ಟಳು. ನೋರೀನ್ ಮೇಲೆ ವಿಳಾಸ ಬರೆದಳು. ಟೆರೇಸ್ ಅನ್ನುವುದನ್ನು ದಪ್ಪಗೆ ಬರೆದಳು.

“ಹೂಂ, ಹೇಳು. ಯಾವತ್ತು ಹೋದ?”

“ನವೆಂಬರ್ ಹದಿನಾಲ್ಕು,” ಎಂದಳು ಏವಿಸ್. “ಎರಡು ಸಾವಿರದ ಇಸವಿ. ಮಂಗಳವಾರ.”

‘ನನ್ನ ಗಂಡ ಕ್ಲಿಫರ್ಡ್ ಗ್ರೀನ್‌ವುಡ್ ಎರಡು ಸಾವಿರದ ಇಸವಿ ನವೆಂಬರ್ ಹದಿನಾಲ್ಕರಂದು ತೀರಿಕೊಂಡರು. ಅಂದಿನಿಂದ ಈ ಮನೆಯಲ್ಲಿ ನಾನು ಒಬ್ಬಳೇ ಇದ್ದೇನೆ.’ ನೋರೀನ್ ಬರೆದು, ತಪ್ಪಿದ್ದರೆ ಹೇಳು ಎಂದು ಗಟ್ಟಿಯಾಗಿ ಓದಿದಳು. ಏವಿಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮಣ್ಣಿನ ದಿನ ಕೂಡ ಅಳದವಳು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ನೋರೀನ್ ಅವಳನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಅಳು ಮುಗಿಯುವವರೆಗೆ ಕಾದು, ಪೆನ್ನು ಕೊಟ್ಟು, ಸಹಿ ಹಾಕಬೇಕಾದ ಜಾಗ ತೋರಿಸಿದಳು.